ಮದುವೆ ಕಾರಿನ ಟಿಕ್ ಟಿಕ್

"ಯಾರಯ್ಯಾ ನೀನು? ನನ್ನ ಕಾರಿನ ಮೇಲೆ ಕೈ ಮಾಡು ಅಂತ ನಿಂಗ್ಯಾರು ಏಳಿದ್ದು?"

ಪಾಲಕೋಡ್ ಟೊಮೆಟೊ ಮಂಡಿಯ ಬಾಗಿಲಲ್ಲಿ ಸರಿತಾಳ ದನಿ ಲಾರಿ ಹಾರನ್ನುಗಳನ್ನೂ ದಾಟಿ ಕೇಳಿಸಿತು. ತಕ್ಕಡಿ ಹಿಡಿದವರು ಹಿಡಿದಂತೆಯೇ ತಿರುಗಿ ನೋಡಿದರು.

ಅವಳ ಕೆನೆಬಣ್ಣದ ಹಳೇ ಮೋರಿಸ್ ಮೈನರ್ ಕಾರು ಸರಿಯಾಗಿ ಬಾಗಿಲಿಗೇ ಅಡ್ಡ ನಿಂತುಬಿಟ್ಟಿತ್ತು. ಹಿಂದಿನ ಸೀಟಿನ ತುಂಬ ಟೊಮೆಟೊ ಕ್ರೇಟು. ಅದರ ಹಿಂದೆ ಸಾಲಾಗಿ ಲಾರಿಗಳು. "ಯಮ್ಮಾ, ವಂಡಿಯೆ ಎಡುಮ್ಮಾ" ಎಂದು, ಗಾಡಿ ತೆಗೆಯಮ್ಮಾ ಎಂದು, ತಮಿಳು ಡ್ರೈವರುಗಳ ಕೂಗು. ಕೀ ತಿರುಗಿಸಿ ತಿರುಗಿಸಿ ಅವಳು ಬೆವರುತ್ತಿದ್ದಾಗ ಎಲ್ಲಿಂದಲೋ ಬಂದ ಒಬ್ಬ, ಒಂದು ಮಾತು ಕೇಳದೆ, ಬಾನೆಟ್ ಎತ್ತಿ ಸ್ಪ್ಯಾನರಿನ ಹಿಡಿಯಿಂದ ಒಳಗೆ ಟಣ್ ಟಣ್ ಎಂದು ಎರಡು ಬಿಟ್ಟಿದ್ದ.

"ಕೈ ಮಾಡಿಲ್ಲಮ್ಮಾ... ತಟ್ಟಿದೆ, ಅಷ್ಟೇ," ಎಂದ ಅವನು. "ಪೆಟ್ರೋಲ್ ಎಳೆಯೋ ಪಂಪು ಇಡ್ಕೊಂಡೈತೆ. ಈಗ ಕೀ ಆಕಿ ನೋಡಿ."

ಅವಳು ಹಲ್ಲು ಕಚ್ಚಿಕೊಂಡು ಕೀ ತಿರುಗಿಸಿದಳು. ಟಿಕ್ ಟಿಕ್ ಟಿಕ್ ಎಂದು ಪಂಪು ಬಡಿದುಕೊಂಡಿತು. ಎಂಜಿನ್ ಹತ್ತಿತು. ಅವನು ನಕ್ಕ.

ಆ ನಗುವಿಗೇ ಸರಿತಾಳ ಮೈಯೆಲ್ಲ ಉರಿದುಹೋಯಿತು.

"ನಿಂಗೆ ಉಷಾರಿಲ್ದಿದ್ರೆ ಡಾಕ್ಟ್ರು ನಿನ್ನ ಸ್ಪ್ಯಾನರಲ್ಲಿ ತಟ್ತಾರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾರು ಓಡಿಸಿಕೊಂಡು ಹೋದಳು. ಮಂಡಿಗೆ ಮಂಡಿಯೇ ನಕ್ಕಿತು. ಅವನು ಮಾತ್ರ ನಗು ಮರೆತು, ಆ ಕೆನೆಬಣ್ಣದ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತ.

ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ಕೋಪವೇ ಎಂದು ನೀವು ಕೇಳಬಹುದು. ಕೇಳಿ. ಆದರೆ ಅವಳ ಜಾಗದಲ್ಲಿ ನಿಂತು ಕೇಳಿ.

ಸರಿತಾಳ ಅಪ್ಪ ಚಿಕ್ಕಣ್ಣ ವಯಸ್ಸಿನಲ್ಲಿದ್ದಾಗ ಏರ್ಕಾಡಿನ ಒಬ್ಬ ಕಾಫಿ ತೋಟದ ಸಾಹುಕಾರರಿಂದ ಕೊಂಡ ಕಾರು ಅದು. ಪಾಲಕೋಡ್ ಸುತ್ತಲಿನ ಕನ್ನಡದವರ ಊರುಗಳಲ್ಲಿ ಮದುಮಗ, ಅವರ ಬಾಯಲ್ಲಿ ಮಾಪಿಳ್ಳೆ, ಮಂಟಪಕ್ಕೆ ಬರುವುದು ಅದರಲ್ಲೇ. ಚಿಕ್ಕಣ್ಣನ ಕಾರಿನಲ್ಲಿ ಇಳಿಯದ ಮಾಪಿಳ್ಳೆ ಮಾಪಿಳ್ಳೆಯೇ ಅಲ್ಲ ಎನ್ನುವಷ್ಟು ಮಟ್ಟಿಗೆ. ದಾರಿಯಲ್ಲಿ ಪಂಪು ಹಿಡಿದುಕೊಂಡು ಕಾರು ನಿಂತರೆ ಚಿಕ್ಕಣ್ಣ ಇಳಿಯುತ್ತಿದ್ದ, ಸೀಟಿನ ಕೆಳಗಿಟ್ಟ ಹುಣಸೆ ಕೋಲಿನಿಂದ ಪಂಪಿಗೆ ತಟ್ಟುತ್ತಿದ್ದ, ಮತ್ತೆ ಹೊರಡುತ್ತಿದ್ದ. ಅಷ್ಟು ವರ್ಷ ಒಬ್ಬರೂ ಅಪಶಕುನ ಅನ್ನಲಿಲ್ಲ.

ಈಗ ಅವನ ಎರಡೂ ಕಣ್ಣಿಗೆ ಪೊರೆ ಬಂದು ಸ್ಟೀರಿಂಗ್ ಮಗಳ ಕೈಗೆ ಬಂದಿತ್ತು. ಅವಳು ಅಪ್ಪನ ಪಕ್ಕದಲ್ಲೇ ಕೂತು ಕಲಿತವಳು. ಈಗ ಶುರುವಾಯಿತು ನೋಡಿ, ಎಲ್ಲರ ಶಕುನ!

"ಮಾಪಿಳ್ಳೆ ಕಾರನ್ನ ಎಣ್ಣುಮಗು ಓಡ್ಸೋದಾ?" ಎಂದು ಜಗಲಿಯಲ್ಲಿ ಕೂತು ಕೂಗಾಡಿದವನು ಚಿಕ್ಕಣ್ಣನ ಅಣ್ಣ ಮುನಿಯಪ್ಪ. "ಐಪ್ಪಸಿ ತಿಂಗಳಲ್ಲಿ ನಮ್ಮ ನೆಂಟ ಬಸಪ್ಪನ ಮದುವೆ ಐತೆ. ಅವತ್ತು ಕಾರು ಒಂದ್ಸಲ ನಿಂತ್ರೂ ಕೀ ನನ್ನ ಮಗನ ಕೈಗೆ. ಏನ್ಲಾ ತಮ್ಮಾ?"

ಚಿಕ್ಕಣ್ಣ ಅಣ್ಣನ ಮಾತಿಗೆ ಎದುರಾಡಿದವನಲ್ಲ. ತಲೆ ತಗ್ಗಿಸಿದ.

ಆ ತಗ್ಗಿದ ತಲೆ ಸರಿತಾಳ ಕಣ್ಣಿಗೆ ಕಟ್ಟಿಹೋಗಿತ್ತು. ಗಂಡಸು ಓಡಿಸಿ ನಿಂತರೆ ಪಂಪಿನ ತಪ್ಪು, ನಾನು ಓಡಿಸಿ ನಿಂತರೆ ನನ್ನ ತಪ್ಪಾ? ಇನ್ನು ಮೇಲೆ ಈ ಕಾರಿಗೆ ತಟ್ಟುವ ಪ್ರಸಂಗವೇ ಬರಬಾರದು ಎಂದು ಅವಳು ಹಟ ಹಿಡಿದಿದ್ದಳು. ಅಂಥ ಹೊತ್ತಿನಲ್ಲಿ ಆ ಮಹಾರಾಯ ಎಲ್ಲರೆದುರು ಬಂದು ತಟ್ಟಿದ್ದ!

ಸೇಲಂನ ವರ್ಕ್‌ಶಾಪಿನವರೆಲ್ಲ ಒಂದೇ ರಾಗ ಹಾಡಿದರು. ಕಿತ್ತು ಬಿಸಾಡು, ಹೊಸದು ಹಾಕಿಸು. ಕೊನೆಗೆ ಅವಳು ಅವಮಾನ ನುಂಗಿಕೊಂಡು ಪಾಲಕೋಡ್ ಬಸ್ ಸ್ಟ್ಯಾಂಡಿನ ಹಿಂದಿದ್ದ ಅವನ ಶೆಡ್ಡಿಗೇ ಹೋದಳು. ಅವನ ಹೆಸರು ಮುನಿರಾಜ್. ಕಡಯಂಪಟ್ಟಿ ಕಡೆಯ ಕನ್ನಡದವನು. ತೋಟದ ಮೋಟರು, ಲಾರಿಯ ವೈರಿಂಗು, ಎಲ್ಲಾ ನೋಡುತ್ತಿದ್ದ.

"ತಟ್ಟಾಕೆ ಮಾತ್ರ ಬತ್ತೈತಾ, ರಿಪೇರಿ ಮಾಡಾಕೂ ಬತ್ತೈತಾ?"

ಅವನಿಗೆ ನಗು ಬಂತು. ಈ ಸಲ ಜಾಗ್ರತೆಯಾಗಿ ನುಂಗಿಕೊಂಡ. "ಬತ್ತೈತಮ್ಮಾ. ಆದ್ರೆ ಜಪಾನ್ ಪಂಪು ಸಿಗ್ತೈತೆ. ಸದ್ದೇ ಮಾಡಲ್ಲ. ಅದನ್ನ ಆಕ್ಸಿಬಿಟ್ರೆ ನಿಮ್ಗೇ ನೆಮ್ಮದಿ."

"ಸದ್ದೇ ಬೇಕು ನಂಗೆ."

"ಯಾಕೆ?"

ಹೇಳಬಾರದು ಅಂದುಕೊಂಡಳು. ಆದರೂ ಬಾಯಿಗೆ ಬಂತು. "ನಮ್ಮಪ್ಪಂಗೆ ಈಗ ಕಾರು ಕಾಣಲ್ಲ. ಬೆಳಿಗ್ಗೆ ನಾನು ಕೀ ಆಕ್ದಾಗ ಟಿಕ್ ಟಿಕ್ ಅಂತೈತಲ್ಲ... ಅದನ್ನ ಕೇಳಿಸ್ಕೊಂಡೇ ಅವ್ರು ಕಾಪಿ ಕುಡಿಯೋದು."

ಮುನಿರಾಜ್ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಕೆಳಗಿಟ್ಟ.

"ಸರಿ. ರಿಪೇರಿನೇ."

ಅವನು ಪಂಪನ್ನು ಬಿಚ್ಚಿದ. ಒಳಗಿನ ರಬ್ಬರ್ ಪೊರೆ ಗಟ್ಟಿಯಾಗಿ ಹಪ್ಪಳದಂತಾಗಿತ್ತು. ಕರೆಂಟು ಮುಟ್ಟುವ ಪಾಯಿಂಟುಗಳು ಸುಟ್ಟು ಕರಿಯಾಗಿದ್ದವು. ಪೊರೆಗಾಗಿ ಸೇಲಂನ ಹಳೇ ಸ್ಪೇರ್ ಅಂಗಡಿಗಳನ್ನೆಲ್ಲ ಜಾಲಾಡಿದ. ಸರಿತಾ ದಿನ ಬಿಟ್ಟು ದಿನ ಬಂದು ತಲೆಯ ಮೇಲೆ ನಿಂತು ಜಗಳ ಆಡಿದಳು. ಜಗಳ ಆಡುತ್ತಲೇ ಪಾಯಿಂಟು ಉಜ್ಜುವುದನ್ನು ಕಲಿತಳು, ಮುಚ್ಚಳ ಹಾಕುವುದನ್ನು ಕಲಿತಳು. ಅವಳು ಬಾರದ ದಿನ ಶೆಡ್ಡಿನಲ್ಲಿ ತನಗೆ ಕೆಲಸ ಸಾಗುತ್ತಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಸಂಜೆ ಅವನು ಪಂಪನ್ನೂ ಒಂದು ಬ್ಯಾಟರಿಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೇ ಬಂದ. ಜಗಲಿಯಲ್ಲಿ ಕೂತಿದ್ದ ಚಿಕ್ಕಣ್ಣನ ಅಂಗೈಯಲ್ಲಿ ಪಂಪನ್ನಿಟ್ಟು, ವೈರನ್ನು ಬ್ಯಾಟರಿಗೆ ಮುಟ್ಟಿಸಿದ.

ಟಿಕ್ ಟಿಕ್ ಟಿಕ್ ಟಿಕ್...

ಚಿಕ್ಕಣ್ಣನ ಮುಖ ಅರಳಿತು. "ಕಣ್ಣೂ... ಇದು ನಮ್ದೇ," ಎಂದು, ಮುದ್ದಿಗೆ ಯಾವಾಗಲೂ ಕರೆಯುವಂತೆ ಕರೆದು, ಮಗಳತ್ತ ತಿರುಗಿದ. ಅವನ ಕೈಯಲ್ಲಿ ಪಂಪು ಹಕ್ಕಿಮರಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು.

ಕಂಬಕ್ಕೆ ಒರಗಿ ನಿಂತಿದ್ದ ಸರಿತಾಳ ಕಣ್ಣು ತುಂಬಿತು. ಮುನಿರಾಜ್ ತಲೆ ಎತ್ತಿದ. ಇಬ್ಬರೂ ನೋಡಿಕೊಂಡರು. ಅವಳೇ ಮೊದಲು ನೋಟ ತಪ್ಪಿಸಿ, "ವೈರು ಸರಿಯಾಗಿ ಇಡ್ಕೋ, ಕಿಡಿ ಸಿಡೀತೈತೆ," ಎಂದು ಗದರಿದಳು. ಪ್ರೀತಿಯನ್ನು ಗದರಿಕೆಯಲ್ಲಿ ಮುಚ್ಚಿಡಬಹುದು ಅಂದುಕೊಂಡಿದ್ದಳು, ಪಾಪ.

ಆಯುಧ ಪೂಜೆಯ ದಿನ ಕಾರು ತಯಾರಾಯಿತು. ಶೆಡ್ಡಿನ ಮೋಟರು, ಸುತ್ತಿಗೆ, ಇಕ್ಕಳ, ಎಲ್ಲಕ್ಕೂ ಗಂಧ ಕುಂಕುಮ. ಕಾರಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಸರಿತಾ ಕೀ ಹಾಕಿದಾಗ ಪಂಪು ಟಿಕ್ ಟಿಕ್ ಎಂದಿತು, ನಿಂಬೆಹಣ್ಣು ಪಚಕ್ಕೆಂದಿತು, ಅವಳು ನಗುತ್ತ ಮನೆಗೆ ಹೋದಳು. ಅವನತ್ತ ಅವಳು ಬಾಯಿ ತುಂಬ ನಕ್ಕಿದ್ದು ಅದೇ ಮೊದಲು.

ಆ ನಗು ಉಳಿದದ್ದು ಬಸಪ್ಪನ ಮದುವೆಯವರೆಗೆ ಮಾತ್ರ.

ಸಕ್ಕರೆ ಮಿಲ್ ರಸ್ತೆಯ ಏರು. ಮುಂದೆ ಮೇಳ, ಹಿಂದೆ ನೆಂಟರು. ಕಾರಿನ ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡ ಬಸಪ್ಪ. ಸ್ಟೀರಿಂಗ್ ಹಿಡಿದು ಹೊಸ ಸೀರೆಯಲ್ಲಿ ಸರಿತಾ. ಏರಿನ ಅರ್ಧಕ್ಕೆ ಕಾರು ಒಮ್ಮೆ ಮುಗ್ಗರಿಸಿತು. ಮತ್ತೊಮ್ಮೆ ಮುಗ್ಗರಿಸಿತು. ನಿಂತೇಹೋಯಿತು.

ಕೀ ತಿರುಗಿಸಿದಳು. ಟಿಕ್ ಇಲ್ಲ, ಟಕ್ ಇಲ್ಲ.

ಮೇಳ ತಾನಾಗಿ ನಿಂತಿತು. ಆಮೇಲೆ ಬಾಯಿಗಳು ಶುರುವಾದವು.

"ಎಣ್ಣು ಓಡ್ಸಿದ್ರೆ ಇಂಗೇ ಆಗೋದು."

"ಮುಹೂರ್ತ ಮೀರ್ತೈತಪ್ಪಾ..."

ನೆಂಟರ ನಡುವಿನಿಂದ ಮುನಿರಾಜ್ ಓಡಿ ಬಂದ. ಬಾನೆಟ್ ಎತ್ತಿ ತಟ್ಟಿದ. ಪಂಪು ಒಂದೆರಡು ಸಲ ಮಿಸುಕಿ ಸುಮ್ಮನಾಯಿತು. ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಮುನಿಯಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. "ನಾನು ಅವತ್ತೇ ನಿನ್ನ ಶೆಡ್ಡಿಗೆ ಬಂದು ಏಳ್ಲಿಲ್ವೇನಲಾ, ಮುನಿರಾಜಾ? ಮದುವೆ ದಿನ ನೀನೇ ಓಡ್ಸು ಅಂತ?"

ಸರಿತಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುನಿರಾಜ್‌ನನ್ನು ನೋಡಿದಳು.

ದೊಡ್ಡಪ್ಪ ಶೆಡ್ಡಿಗೆ ಹೋಗಿದ್ದರಾ? ಇವನು ಒಂದು ಮಾತೂ ಹೇಳಲಿಲ್ಲ... ನನ್ನ ಕಾರು ಬಿಚ್ಚಿ, ನನ್ನ ಅಪ್ಪನ ಕೈಗೆ ಪಂಪು ಕೊಟ್ಟು ಕಣ್ಣಲ್ಲಿ ನೀರು ತರಿಸಿ, ಹಿಂದಿನಿಂದ ನನ್ನ ಸ್ಟೀರಿಂಗಿಗೇ ಹೊಂಚು ಹಾಕಿದ್ದನಾ?

"ನೀನೂ ಇದ್ರಲ್ಲಿ ಸೇರಿದೋನಾ?"

"ಸರಿತಾ, ಕೇಳಿ ಇಲ್ಲಿ..."

"ಬಾನೆಟ್ ಮುಚ್ಚು. ಕೈ ತೆಗಿ ನನ್ನ ಕಾರಿಂದ."

ಮಿಲ್ಲಿಗೆ ಕಬ್ಬು ಇಳಿಸಿ ವಾಪಸು ಬರುತ್ತಿದ್ದ ಗಾಡಿಯೊಂದನ್ನು ಯಾರೋ ನಿಲ್ಲಿಸಿದರು. ಎತ್ತು ಬಿಚ್ಚಿ ಕಾರಿನ ಮುಂದಕ್ಕೆ ಹಗ್ಗ ಕಟ್ಟಿದರು. "ನೀ ಇಳಿಯೇ ಉಡುಗೀ, ನನ್ನ ಮಗ ಕೂತ್ಕೊಳ್ಲಿ," ಎಂದ ಮುನಿಯಪ್ಪ.

"ಎತ್ತು ಎಳ್ಯೋ ಕಾರಿಗೂ ಸ್ಟೀರಿಂಗ್ ಬೇಕು ದೊಡ್ಡಪ್ಪಾ. ನಾ ಇಳಿಯಲ್ಲ."

ಅವಳು ಇಳಿಯಲಿಲ್ಲ. ದಾರಿಯುದ್ದಕ್ಕೂ ಜನ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರೂ ನೆಟ್ಟಗೆ ಕೂತು, ಎತ್ತಿನ ಬಾಲ ನೋಡುತ್ತ, ಮದುಮಗನನ್ನು ಮಂಟಪದ ಬಾಗಿಲಿಗೆ ಸರಿಯಾಗಿ ತಂದು ನಿಲ್ಲಿಸಿದಳು. ಮುಹೂರ್ತ ಮೀರಲಿಲ್ಲ. ಅದನ್ನು ಯಾರಾದರೂ ಹೇಳಿದರಾ? ಇಲ್ಲ! ಎತ್ತಿನ ಕಥೆಯೊಂದೇ ಊರೂರು ಸುತ್ತಿತು.

"ಬೆಳಿಗ್ಗೆ ಬತ್ತೀನಿ. ಕೀ ಎತ್ತಿಡು," ಎಂದು ಹೇಳಿ ಮುನಿಯಪ್ಪ ಹೋದ.

ಬೆಳಕು ಹರಿಯುವಾಗ ಸರಿತಾ ಬಾನೆಟ್ ಎತ್ತಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವನು ಏನು ಮೋಸ ಮಾಡಿದ್ದಾನೆ ಎಂದು ಕಣ್ಣಾರೆ ನೋಡಿ, ಅವನ ಮುಖದ ಮೇಲೆ ಎಸೆದು ಬರಬೇಕಿತ್ತು ಅವಳಿಗೆ.

ಪಂಪಿನ ತುದಿಯ ಕಪ್ಪು ಮುಚ್ಚಳ ತೆಗೆದು ಪಾಯಿಂಟು ನೋಡಿದಳು. ಹೊಳೆಯುತ್ತಿದ್ದವು. ಕೀ ಹಾಕಿದಳು.

ಟಿಕ್ ಟಿಕ್ ಟಿಕ್.

ಇದೇನು? ಮುಚ್ಚಳ ಹಾಕಿದಳು. ಟಿಕ್... ಟಿ... ನಿಂತಿತು. ತೆಗೆದಳು. ಬಡಿದುಕೊಂಡಿತು. ಹಾಕಿದಳು. ನಿಂತಿತು.

ಹಾಗಾದರೆ ಕಳ್ಳ ಮುಚ್ಚಳದಲ್ಲೇ ಇದ್ದಾನೆ! ಅದನ್ನು ಬೆಳಕಿಗೆ ಹಿಡಿದಳು. ಮುಚ್ಚಳದ ಮೇಲೊಂದು ಬೊಟ್ಟು. ಗಂಧ, ಅದರ ಮೇಲೆ ಕುಂಕುಮ, ಒಣಗಿ ಕಲ್ಲಾಗಿತ್ತು. ಉಗುರಿನಿಂದ ಎಬ್ಬಿಸಿದಳು. ಇಡೀ ಬೊಟ್ಟು ಒಂದೇ ಬಿಲ್ಲೆಯಾಗಿ ಅಂಗೈಗೆ ಬಂತು. ಕೆಳಗೆ ಸೂಜಿ ತೂರುವಷ್ಟು ಸಣ್ಣ ತೂತು. ಒಳಗಿನ ಪೊರೆ ಹಿಂದೆ ಮುಂದೆ ಆಡಬೇಕಾದರೆ ಗಾಳಿ ಓಡಾಡುವ ದಾರಿ ಅದು. ಹಸಿ ಇದ್ದಾಗ ಹೇಗೋ ಉಸಿರಾಡಿದ ಪಂಪು, ಬೊಟ್ಟು ಒಣಗಿ ಗಟ್ಟಿಯಾದ ಮೇಲೆ ಉಸಿರುಗಟ್ಟಿ ನಿಂತಿತ್ತು.

ಮುಚ್ಚಳ ಹಾಕಿ ಕೀ ತಿರುಗಿಸಿದಳು. ಟಿಕ್ ಟಿಕ್ ಟಿಕ್ ಎಂದು ಎಡೆಬಿಡದೆ ಬಡಿದು, ಪೆಟ್ರೋಲ್ ತುಂಬಿದ ಮೇಲೆ ತಾನಾಗಿ ಸುಮ್ಮನಾಯಿತು. ಜಗಲಿಯಿಂದ ಅಪ್ಪ, "ಕಣ್ಣೂ, ಕಾಪಿ ಕೊಡು," ಎಂದ.

ಬಾನೆಟ್ ಒಳಗೆ ಬೇರೆ ಎಲ್ಲೂ ಬೊಟ್ಟಿರಲಿಲ್ಲ. ಬ್ಯಾಟರಿಗಿಲ್ಲ, ಎಂಜಿನ್ನಿಗಿಲ್ಲ. ಈ ಮುಚ್ಚಳಕ್ಕೊಂದೇ. ಯಾಕೆ?

ಅಪ್ಪನಿಗೆ ಕಾಫಿ ಕೊಟ್ಟವಳೇ ಕಾರು ತೆಗೆದಳು.

ಮುನಿರಾಜ್ ಶೆಡ್ಡಿನ ಮುಂದೆ ಮಂಕಾಗಿ ಕೂತಿದ್ದ. ಕೆನೆಬಣ್ಣದ ಕಾರು ತಾನಾಗಿ ಓಡಿ ಬಂದು ನಿಂತದ್ದನ್ನು ನೋಡಿ ಎದ್ದುಬಿಟ್ಟ.

"ಓಡ್ತೈತಾ?"

ಅವಳು ಅಂಗೈ ಚಾಚಿದಳು. "ಇದನ್ನ ಇಟ್ಟೋರು ಯಾರು?"

ಕೆಂಪು ಬಿಲ್ಲೆಯನ್ನು ನೋಡಲು ಅವನು ಹತ್ತಿರ ಬಗ್ಗಿದ. "ನಾನೇ..."

"ಮೂಗಿನ ಮೇಲೆ ಬೊಟ್ಟಿಟ್ಟು ಉಸಿರು ಕಟ್ಟಿಸಿದ್ದೀಯ. ಅದೇನು ಇಷ್ಟು ಗಟ್ಟಿ?"

"ಗೋಂದು ಬೆರೆಸಿದ್ದೆ. ಕಾರಿನ ಅಲುಗಾಟಕ್ಕೆ ಉದುರಬಾರ್ದು ಅಂತ..." ಅವನು ಹಣೆ ಚಚ್ಚಿಕೊಂಡ. "ಅಯ್ಯೋ, ಆ ತೂತು ನಾನೇ ಉಜ್ಜಿ ಇಟ್ಟಿದ್ದೆ. ಇಡೋವಾಗ ಗ್ಯಾನವೇ ಇರ್ಲಿಲ್ಲ."

"ಗ್ಯಾನ ಎಲ್ಲಿತ್ತು?"

ಅವನು ಆ ಬಿಲ್ಲೆಯನ್ನು ತೆಗೆದು ಜೇಬಿಗಿಳಿಸಿದ.

"ಕಾರಲ್ಲಿ ಕೂತ್ಕೋ. ದೊಡ್ಡಪ್ಪನ ಮುಂದೆ ಏಳು. ಇಲ್ದಿದ್ರೆ ಇವತ್ತಿಗೆ ನನ್ನ ಸ್ಟೀರಿಂಗ್ ಓಯ್ತು."

ದಾರಿಯುದ್ದಕ್ಕೂ ಪಂಪು ಮಾತ್ರ ಆಗಾಗ ಟಿಕ್ ಅನ್ನುತ್ತಿತ್ತು.

ಮುನಿಯಪ್ಪ ಆಗಲೇ ಜಗಲಿಯಲ್ಲಿ ಕೂತಿದ್ದ. ಕೀ ತೆಗೆದುಕೊಳ್ಳಲು ಕೈ ಚಾಚಿಯೂ ಆಗಿತ್ತು.

"ತಪ್ಪು ನಂದು," ಎಂದ ಮುನಿರಾಜ್ ಕಾರಿಳಿಯುತ್ತಲೇ. "ಪೂಜೆ ದಿನ ಪಂಪಿನ ತೂತಿನ ಮೇಲೆ ಬೊಟ್ಟಿಟ್ಟೆ. ಅದಕ್ಕೇ ನಿಂತಿದ್ದು. ಸರಿತಾ ಓಡ್ಸಿದ್ದಕ್ಕಲ್ಲ."

"ಬೊಟ್ಟಿಟ್ರೆ ಕಾರು ನಿಲ್ತೈತಾ? ಯಾರ ಕಿವಿಗೆ ಊವು ಮಡಗ್ತೀಯಲಾ?" ಎಂದು ಮುನಿಯಪ್ಪ ರೇಗಿದ. "ಮದುವೆ ದಿನ ನೀನು ಓಡ್ಸು ಅಂದ್ರೆ, ಮಾಟ್ಟೇನ್, ಓಡ್ಸಲ್ಲ, ಅದು ಅವಳ ಕಾರು, ಅವಳೇ ಓಡ್ಸಬೇಕು ಅಂತ ನಂಗೇ ಬುದ್ಧಿ ಏಳಿದೋನು ನೀನು. ಈಗ ಅವಳ ಪರ ಬಂದ್ಬಿಟ್ಯಾ?"

ಸರಿತಾ ನಿಂತಲ್ಲೇ ನಿಂತಳು. ಮಾಟ್ಟೇನ್ ಅಂದಿದ್ದನಾ? ಇಷ್ಟು ಹೊತ್ತು ಬೈಸಿಕೊಂಡೂ ಅದನ್ನು ಹೇಳಲಿಲ್ಲವಲ್ಲ ಈ ಮಂಕ...

ಅವಳು ಬೇರೇನೂ ಆಡದೆ ಬಾನೆಟ್ ಎತ್ತಿದಳು. ಪೆಟ್ರೋಲ್ ಪೈಪು ಬಿಚ್ಚಿ ಒಂದು ಬಾಟಲಿಗೆ ಬಿಟ್ಟು ಕೀ ಹಾಕಿದಳು. ಪಂಪು ಟಿಕ್ ಟಿಕ್ ಎನ್ನುತ್ತ ಬಾಟಲಿಗೆ ಪೆಟ್ರೋಲ್ ಸುರಿಸಿತು. ತೂತಿನ ಮೇಲೆ ಹೆಬ್ಬೆರಳು ಒತ್ತಿದಳು. ನಿಂತಿತು. ಬೆರಳು ತೆಗೆದಳು. ಸುರಿಯಿತು.

ಕಿವಿ ಕೊಟ್ಟು ಕೂತಿದ್ದ ಚಿಕ್ಕಣ್ಣ ಮೆಲ್ಲಗೆ ನಕ್ಕ. "ಮೂಗು ಅದುಮಿದ್ರೆ ನಾನೂ ನಿಲ್ತೀನಿ, ನೀನೂ ನಿಲ್ತೀಯ ಅಣ್ಣಾ."

ಮುನಿಯಪ್ಪನಿಗೆ ಇನ್ನೂ ಸಮಾಧಾನವಾಗಲಿಲ್ಲ. "ಅಲ್ಲಲಾ, ಬಾನೆಟ್ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ ಬೊಟ್ಟು ಯಾಕಲಾ ಇಟ್ಟೆ?"

"ಯಾರಿಗೂ ಕಾಣಬಾರ್ದು ಅಂತ್ಲೇ ಇಟ್ಟಿದ್ದು."

"ಅಂದ್ರೆ?"

ಮುನಿರಾಜ್ ಒಮ್ಮೆ ಸರಿತಾಳನ್ನು ನೋಡಿದ. ಆಮೇಲೆ ನೋಡಿದ್ದು ಚಿಕ್ಕಣ್ಣನನ್ನು. ಕಾಣದ ಆ ಕಣ್ಣುಗಳ ಮುಂದೆ ಸುಳ್ಳು ಹೇಳಲು ಅವನಿಗಾಗಲಿಲ್ಲ.

"ಸರಿತಾ ಅಣೆಗೆ ಇಡಾಕೆ ಧೈರ್ಯ ಇರ್ಲಿಲ್ಲ. ಅವಳ ಕಾರಿಗೆ ಇಟ್ಟೆ."

ಪಂಪು ಒಂದೇ ಟಿಕ್ ಟಿಕ್ ಎನ್ನುತ್ತಿತ್ತು, ಅವಳ ಎದೆಯ ಜೊತೆ ಪೈಪೋಟಿಗೆ ಬಿದ್ದಂತೆ. ಸರಿತಾ ಕೀ ತೆಗೆಯುವುದನ್ನೂ ಮರೆತು ನಿಂತಿದ್ದಳು.

"ಥೂ, ಕಾಲ ಕೆಟ್ಟೋಯ್ತು," ಎಂದು ಮುನಿಯಪ್ಪ ಟವೆಲ್ ಕೊಡವಿಕೊಂಡು ಎದ್ದ. "ಕೀ ಕೊಡು ಇಲ್ಲಿ."

"ಅಣ್ಣಾ." ಚಿಕ್ಕಣ್ಣನ ತಲೆ ಈ ಸಲ ತಗ್ಗಲಿಲ್ಲ. "ಕೀ ನನ್ನ ಮಗಳ ಕೈಲೇ ಇರ್ಲಿ. ಎತ್ತು ಕಟ್ಟಿದ್ರೂ ಸ್ಟೀರಿಂಗ್ ಬಿಡದೋಳು ಅವಳು. ಇನ್ಯಾರು ಓಡ್ಸಬೇಕು ನನ್ನ ಕಾರನ್ನ?"

ಮುನಿಯಪ್ಪ ಚಾಚಿದ ಕೈಯನ್ನು ಮಡಚಿಕೊಂಡು, ಗೊಣಗುತ್ತ ಇಳಿದು ಹೋದ. ಚಿಕ್ಕಣ್ಣ ಗೋಡೆ ಹಿಡಿದುಕೊಂಡು, "ನಂಗೇನೂ ಕಾಣಲ್ಲಪ್ಪಾ," ಎಂದು ನಗುತ್ತ ಒಳಗೆ ನಡೆದ.

ಕಾರಿನ ಪಕ್ಕ ಇಬ್ಬರೇ ಉಳಿದರು.

"ದೊಡ್ಡಪ್ಪಂಗೆ ಮಾಟ್ಟೇನ್ ಅಂದಿದ್ದೆ ಅಂತ ಯಾಕೆ ಏಳ್ಲಿಲ್ಲ?" ಅವಳ ದನಿಯಲ್ಲಿ ಕೋಪ ಇನ್ನೂ ಇತ್ತು. ಕಣ್ಣಲ್ಲಿ ಇರಲಿಲ್ಲ.

"ಏಳಾಕೆ ಬಿಟ್ರಾ ನೀವು? ಕೈ ತೆಗಿ ಅಂದ್ರಿ."

"ನೀವು ಗೀವು ಬೇಡ. ಎಲ್ರೆದುರು ಸರಿತಾ ಅಂದಾಯ್ತಲ್ಲ." ಅವಳು ಕೀ ತೆಗೆದು, ಪೈಪನ್ನು ಬಿಗಿದು, ಬಾನೆಟ್ ಮುಚ್ಚಿ, ಅದರ ಮೇಲೆ ಕೈಯೂರಿದಳು. "ಆ ಎತ್ತಿನ ಕಥೆ ಊರೆಲ್ಲ ಏಳಿ ನಗ್ತೈತೆ. ಅದಕ್ಕೇನು ಮಾಡ್ತೀಯ?"

"ಇನ್ನೊಂದು ಮದುವೆ ಮಾಡಿ ಮರೆಸೋಣ," ಎಂದ ಅವನು, ಹೆದರುತ್ತಲೇ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಕಾರು ನಾನೇ ಓಡ್ಸೋದು. ಮಾಪಿಳ್ಳೆ ಬಾಯಿ ಮುಚ್ಕೊಂಡು ಇಂದೆ ಕೂತ್ಕೋಬೇಕು."

"ಮದುಮಗಳೇ ಓಡ್ಸ್ತಾಳಾ?"

"ಆಗಲ್ಲ ಅಂದ್ರೆ ನಡ್ಕೊಂಡು ಬಾ."

"ಆಗಲ್ಲ ಅಂದ್ನಾ? ಕೂತ್ಕೋತೀನಿ ತಾಯಿ."

ಆಗ ನಕ್ಕಳು ಸರಿತಾ. ಒಳಗೆ ಹೋಗಿ ದೇವರ ಮುಂದಿನ ಕುಂಕುಮದ ಬಟ್ಟಲು ತಂದು ಅವನ ಮುಂದೆ ಹಿಡಿದಳು. ಅವನ ಬೆರಳು ಬಟ್ಟಲಿನಲ್ಲೇ ನಿಂತಿತು.

"ಯಾಕೆ, ಇನ್ನೂ ಭಯಾನಾ?"

"ಮತ್ತೆ ತಪ್ಪು ಜಾಗದಲ್ಲಿ ಇಟ್ಬಿಟ್ರೆ..."

ಅವಳು ಕಣ್ಣು ಮುಚ್ಚಿ ಹಣೆಯನ್ನು ಅವನತ್ತ ಬಾಗಿಸಿದಳು.

"ಇಲ್ಲಿ ತೂತಿಲ್ಲ. ಇಡು... ಬೇಕಾದ್ರೆ ಗೋಂದೂ ಬೆರೆಸ್ಕೋ."